ಮನೆಯಲ್ಲಿ ಆರೈಕೆ ಮಾಡುವವರಿಗೆ ನೆರವಿನ ಸೇವೆ ಕಟ್ಟುವುದು ಹೇಗೆ: ಗಂಟೆಯ ಲೆಕ್ಕದಿಂದ ಶುರುವಾಗುವ ಮಾರ್ಗದರ್ಶಿ

ಆರೈಕೆದಾರರಿಗಾಗಿ ಎರಡು ಗಂಟೆಯ ಸಭೆಯೊಂದನ್ನು ಇಟ್ಟುಕೊಂಡಿದ್ದೀರಿ ಎಂದುಕೊಳ್ಳಿ. ಈಗ ಲೆಕ್ಕವನ್ನು ಅವರ ಕಡೆಯಿಂದ ಹಾಕಿ ನೋಡಿ. ಹಾಸಿಗೆ ಹಿಡಿದವರಿಗೆ ಊಟ ಮಾಡಿಸಿ, ಬಟ್ಟೆ ಬದಲಿಸಿ, ಔಷಧಿ ತೆಗೆದಿಟ್ಟು ಹೊರಡಲು ಒಂದು ಗಂಟೆ. ತಮ್ಮ ಬದಲಿಗೆ ಕೂರಲು ಯಾರನ್ನಾದರೂ ಒಪ್ಪಿಸಲು ಅರ್ಧ ಗಂಟೆ ಫೋನು. ಹೋಗಿಬರಲು ಒಂದೂವರೆ ಗಂಟೆ. ಮರಳಿದ ಮೇಲೆ, ದಿನಚರಿ ತಪ್ಪಿ ಗಲಿಬಿಲಿಗೊಂಡವರನ್ನು ಸಮಾಧಾನಪಡಿಸಲು ಇನ್ನೊಂದು ಗಂಟೆ. ಎರಡು ಗಂಟೆಯ ನೆರವಿಗೆ ನಾಲ್ಕು ಗಂಟೆ ಖರ್ಚು. ಮುಂದಿನ ತಿಂಗಳು ಅವರು ಬರುವುದಿಲ್ಲ. ಸಂಘಟಕರು ‘ಜನರಿಗೆ ಆಸಕ್ತಿ ಇಲ್ಲ’ ಎಂದು ವರದಿ ಬರೆದು ಕೈತೊಳೆದುಕೊಳ್ಳುತ್ತಾರೆ.

ಹೀಗಾಗಿ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇವೆ: ಈ ಸೇವೆ ಆರೈಕೆದಾರರಿಂದ ಎಷ್ಟು ಗಂಟೆ ಕೇಳುತ್ತದೆ, ಎಷ್ಟು ಮರಳಿಸುತ್ತದೆ? ಕೇಳುವುದೇ ಹೆಚ್ಚಾದರೆ, ಒಳಗೆ ಎಷ್ಟೇ ಒಳ್ಳೆಯ ಮಾತುಗಳಿದ್ದರೂ ಅದು ಇನ್ನೊಂದು ಹೊರೆ.

ಹೊರೆ ಎಂಬುದು ಬರೀ ಮನಸ್ಸಿನ ಮಾತಲ್ಲ. 1999ರಲ್ಲಿ ಅಮೆರಿಕದಲ್ಲಿ ಶುಲ್ಜ್ ಮತ್ತು ಬೀಚ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯ ಆರೈಕೆ ಮಾಡುತ್ತಾ ಒತ್ತಡದಲ್ಲಿದ್ದ ವಯಸ್ಸಾದವರ ಸಾವಿನ ಅಪಾಯ, ಆರೈಕೆ ಮಾಡದ ಅವರದೇ ವಯಸ್ಸಿನವರಿಗಿಂತ ನಾಲ್ಕು ವರ್ಷಗಳಲ್ಲಿ ಶೇ. 63ರಷ್ಟು ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ: ಆರೈಕೆ ಮಾಡುತ್ತಿದ್ದರೂ ಒತ್ತಡ ಅನುಭವಿಸದವರಲ್ಲಿ ಆ ಏರಿಕೆ ಕಾಣಲಿಲ್ಲ. ಸೇವೆ ಕಟ್ಟುವವರಿಗೆ ಇದು ಮುಖ್ಯ. ನಾವು ಇಳಿಸಬೇಕಾದದ್ದು ಆರೈಕೆಯನ್ನಲ್ಲ, ಅದರೊಳಗಿನ ಒತ್ತಡವನ್ನು.

ಹಂತ 1: ಯಾರಿಗೆ, ಯಾವ ಘಟ್ಟದಲ್ಲಿ ಎಂದು ಮೊದಲು ತೀರ್ಮಾನಿಸಿ

‘ಎಲ್ಲ ಆರೈಕೆದಾರರಿಗೂ’ ಎಂದು ಹೊರಟ ಸೇವೆ ಸಾಮಾನ್ಯವಾಗಿ ಯಾರಿಗೂ ಹೊಂದುವುದಿಲ್ಲ. ಮರೆವಿನ ಕಾಯಿಲೆಯವರ ಮನೆಯಲ್ಲಿ ಕಷ್ಟ ಇರುವುದು ಕಾವಲಿನಲ್ಲಿ. ಬಾಗಿಲು ತೆಗೆದು ಹೊರಟುಬಿಡುತ್ತಾರೆ, ಒಲೆ ಹಚ್ಚಿ ಮರೆಯುತ್ತಾರೆ, ರಾತ್ರಿಯನ್ನು ಹಗಲೆಂದುಕೊಳ್ಳುತ್ತಾರೆ. ಪಾರ್ಶ್ವವಾಯುವಿನಲ್ಲಿ ನಿನ್ನೆಯವರೆಗೂ ಓಡಾಡುತ್ತಿದ್ದವರನ್ನು ಇವತ್ತು ಎತ್ತಿ ಕೂರಿಸಬೇಕು. ಮನೆಯವರಿಗೆ ಕಲಿಯಲು ಸಮಯವೇ ಸಿಕ್ಕಿರುವುದಿಲ್ಲ. ಕ್ಯಾನ್ಸರ್‌ನಲ್ಲಿ ಚಿಕಿತ್ಸೆಯ ಓಡಾಟ ಮತ್ತು ಅನಿಶ್ಚಿತತೆ. ತೀವ್ರ ಮಾನಸಿಕ ಕಾಯಿಲೆಯಲ್ಲಿ ಏರಿಳಿತ, ಜೊತೆಗೆ ಹೊರಗೆ ಹೇಳಿಕೊಳ್ಳಲಾಗದ ಸಂಕೋಚ. ಅಂಗವೈಕಲ್ಯವಿರುವ ಮಗುವಿನ ತಂದೆತಾಯಿಗೆ ಆರೈಕೆ ಜೀವನಪರ್ಯಂತದ್ದು. ‘ನಮ್ಮ ನಂತರ ಯಾರು’ ಎಂಬುದೇ ಅವರ ದೊಡ್ಡ ಪ್ರಶ್ನೆ.

ಮೊದಲ ವರ್ಷಕ್ಕೆ ಒಂದು ಅಥವಾ ಹೆಚ್ಚೆಂದರೆ ಎರಡು ಗುಂಪುಗಳನ್ನು ಆರಿಸಿಕೊಳ್ಳಿ. ಆಮೇಲೆ ಘಟ್ಟ. ಆರೈಕೆಗೆ ಐದಾರು ತಿರುವುಗಳಿವೆ: ಕಾಯಿಲೆ ಗೊತ್ತಾದ ದಿನಗಳು, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಎರಡು ವಾರ, ದಿನಚರಿ ಕುದುರಿದ ಕಾಲ, ಬಿದ್ದು ಪೆಟ್ಟಾಗುವಂಥ ಹಠಾತ್ ಕುಸಿತ, ಕೊನೆಯ ದಿನಗಳು, ಸಾವಿನ ನಂತರ. ಪ್ರತಿ ತಿರುವಿನಲ್ಲೂ ಬೇಕಾಗುವುದು ಬೇರೆ. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಮೂತ್ರದ ಕ್ಯಾತಿಟರ್ (ನಳಿಕೆ) ಕಟ್ಟಿಕೊಂಡಾಗ ಬೇಕಾಗುವುದು ಫೋನ್ ಎತ್ತುವ ನರ್ಸ್, ಧ್ಯಾನದ ತರಗತಿಯಲ್ಲ. ಎರಡನೆಯ ವರ್ಷದಲ್ಲಿ ಇದು ತಲೆಕೆಳಗಾಗಬಹುದು: ಕ್ಯಾತಿಟರ್ ಕೈಗೆ ಹತ್ತಿರುತ್ತದೆ, ಒಂಟಿತನ ಹತ್ತಿರುವುದಿಲ್ಲ.

ಹಂತ 2: ಅವರನ್ನು ಹುಡುಕುವ ಬಾಗಿಲು ಸರಿ ಮಾಡಿ

‘ನೀವು ಆರೈಕೆದಾರರೇ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅವರು ಹೆಂಡತಿ, ಮಗ, ಸೊಸೆ, ಅಣ್ಣ. ‘ಆರೈಕೆದಾರರು’ ಎಂಬ ಪದ ನಮ್ಮಂಥವರ ಕಡತದ್ದು. ಭಿತ್ತಿಪತ್ರದಲ್ಲೂ ನೋಂದಣಿಯ ಹಾಳೆಯಲ್ಲೂ ಪದ ಬಿಟ್ಟು ಕೆಲಸ ಬರೆಯಿರಿ: ‘ಮನೆಯಲ್ಲಿ ಯಾರಿಗಾದರೂ ಸ್ನಾನ, ಊಟ, ಔಷಧಿಗೆ ನೀವು ನೆರವಾಗುತ್ತೀರಾ? ಅವರಿಗಾಗಿ ರಾತ್ರಿ ಏಳುತ್ತೀರಾ? ಅವರನ್ನು ಒಬ್ಬರೇ ಬಿಟ್ಟು ಹೊರಗೆ ಹೋಗಲು ಭಯವಾಗುತ್ತದೆಯೇ?’ ಮೂರರಲ್ಲಿ ಒಂದಕ್ಕೆ ಹೌದೆಂದರೂ ಅವರು ನಿಮ್ಮವರು.

ಭಿತ್ತಿಪತ್ರಕ್ಕಿಂತ ಬಲವಾದ ಬಾಗಿಲು, ರೋಗಿಯನ್ನು ನೋಡುವ ಜಾಗಗಳೇ. ಡಿಸ್ಚಾರ್ಜ್ ಮಾಡುವ ನರ್ಸ್, ಫಿಸಿಯೋಥೆರಪಿಸ್ಟ್, ಔಷಧಿ ಅಂಗಡಿಯವರು ಇಂಥವರನ್ನು ದಿನವೂ ಕಾಣುತ್ತಾರೆ. ಆದರೆ ‘ಈ ನಂಬರಿಗೆ ಫೋನ್ ಮಾಡಿ’ ಎಂದು ಚೀಟಿ ಕೊಟ್ಟರೆ ಅದು ಜೇಬಿನಲ್ಲೇ ಉಳಿಯುತ್ತದೆ. ಒಪ್ಪಿಗೆ ಪಡೆದು ನಂಬರನ್ನು ನೀವೇ ತೆಗೆದುಕೊಂಡು ಎರಡು ದಿನದೊಳಗೆ ನೀವೇ ಫೋನ್ ಮಾಡಿ.

ಹಂತ 3: ಕೇಳುವ ಕಲೆ, ಮತ್ತು ಮೂರು ದಿನದ ದಿನಚರಿ

ಹನ್ನೆರಡರಿಂದ ಹದಿನೈದು ಮನೆಗಳೊಂದಿಗೆ ಮಾತಾಡಿದರೆ ಮುಖ್ಯ ಸಂಗತಿಗಳು ಮರುಕಳಿಸತೊಡಗುತ್ತವೆ. ಇವರಲ್ಲಿ ಕನಿಷ್ಠ ಮೂವರು ಯಾವುದಾದರೂ ಸೇವೆಯನ್ನು ಬೇಡವೆಂದವರೋ ನಡುವೆ ಬಿಟ್ಟವರೋ ಆಗಿರಲಿ. ಒಪ್ಪಿಕೊಂಡವರಿಂದ ಸೇವೆಯ ಗುಣ ತಿಳಿಯುತ್ತದೆ, ಬಿಟ್ಟವರಿಂದ ಅದರ ಬೆಲೆ ತಿಳಿಯುತ್ತದೆ. ಆರೈಕೆ ಮಾಡುವ ಗಂಡಸರನ್ನು, ದೂರದಿಂದ ಫೋನಿನಲ್ಲೇ ಎಲ್ಲವನ್ನೂ ನಿಭಾಯಿಸುವವರನ್ನು, ಶಾಲೆಗೆ ಹೋಗುತ್ತಲೇ ಮನೆಯವರನ್ನು ನೋಡಿಕೊಳ್ಳುವ ಮಕ್ಕಳನ್ನು ಹುಡುಕಿ ಸೇರಿಸಿ. ಅವರು ತಾವಾಗಿ ಬರುವುದಿಲ್ಲ.

ಮಾತುಕತೆ ಅವರ ಸಮಯಕ್ಕೆ, ಅವರ ಜಾಗದಲ್ಲಿ. ಆರೈಕೆ ಪಡೆಯುವವರ ಎದುರಿಗೆ ಬೇಡ. ಎದುರಿಗಿದ್ದರೆ ‘ಏನೂ ತೊಂದರೆ ಇಲ್ಲ’ ಎಂಬ ಉತ್ತರವೇ ಸಿಗುತ್ತದೆ, ಮತ್ತು ಅದು ಸಹಜ. ಇಬ್ಬರು ಹೋಗಿ, ಒಬ್ಬರು ಆ ಕೋಣೆಯಲ್ಲಿ ರೋಗಿಯ ಜೊತೆ ಕೂತರೆ ಈ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

‘ನಿಮಗೆ ಏನು ಬೇಕು?’ ಎಂಬ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಏನೇನು ಸಿಗಬಹುದೆಂದು ಗೊತ್ತಿಲ್ಲದವರು ಏನು ಕೇಳಿಯಾರು? ಬದಲಿಗೆ ನಿನ್ನೆಯ ದಿನವನ್ನು ಕೇಳಿ. ನಿನ್ನೆ ಎಷ್ಟು ಹೊತ್ತಿಗೆ ಎದ್ದಿರಿ, ರಾತ್ರಿ ಎಷ್ಟು ಸಲ ಎದ್ದಿರಿ, ಊಟವನ್ನು ಕೂತು ಮಾಡಿದಿರಾ ನಿಂತು ಮಾಡಿದಿರಾ, ಯಾವ ಹೊತ್ತಿನಲ್ಲಿ ಸಿಟ್ಟು ಬಂತು, ಕೊನೆಯ ಸಲ ನಿಮ್ಮ ಆರೋಗ್ಯಕ್ಕೆಂದು ಡಾಕ್ಟರ ಬಳಿ ಹೋದದ್ದು ಯಾವಾಗ. ‘ಸಾಮಾನ್ಯವಾಗಿ ಹೇಗೆ?’ ಎಂದರೆ ಅಭಿಪ್ರಾಯ ಬರುತ್ತದೆ, ‘ನಿನ್ನೆ ಹೇಗೆ?’ ಎಂದರೆ ಸಂಗತಿ ಬರುತ್ತದೆ.

ಮಾತುಕತೆಯ ಜೊತೆಗೆ ಒಂದು ದಿನಚರಿ ಹಾಳೆ ಕೊಡಿ: ಕೆಲಸದ ದಿನ ಎರಡು, ರಜಾದಿನ ಒಂದು, ಒಟ್ಟು ಮೂರು. ಬರೆಯಲು ಪುರುಸೊತ್ತಿಲ್ಲದವರು ಫೋನಿನಲ್ಲಿ ದನಿ ಸಂದೇಶ ಕಳಿಸಿದರೆ ಸಾಕು, ನೀವೇ ತುಂಬಿಕೊಳ್ಳಿ. ನಾಲ್ಕು ಅಂಕಣಗಳು: ಹೊತ್ತು, ಏನು ಕೆಲಸ, ಅದು ಕೈಕೆಲಸವೋ ಕಾವಲೋ, ಬೇರೆಯವರು ಮಾಡಬಹುದಿತ್ತೇ.

ಮೂರನೆಯ ಅಂಕಣವೇ ಈ ಹಾಳೆಯ ಜೀವ. ಸ್ನಾನ, ಊಟ, ಮಗ್ಗುಲು ಬದಲಿಸುವುದು ಕೈಕೆಲಸ. ಎದ್ದು ಬಿದ್ದಾರೆಂದು ಕಿವಿ ಆ ಕೋಣೆಯಲ್ಲೇ ಇಟ್ಟು ಇನ್ನೇನೋ ಮಾಡುತ್ತಿರುವುದು ಕಾವಲು. ಕೈಕೆಲಸ ದಿನಕ್ಕೆ ನಾಲ್ಕು ಗಂಟೆ ಇರುವ ಮನೆಯಲ್ಲಿ ಕಾವಲು ಹದಿನಾರು ಗಂಟೆ ಇರಬಹುದು. ಆರೈಕೆದಾರರೇ ಇದನ್ನು ಕೆಲಸವೆಂದು ಎಣಿಸುವುದಿಲ್ಲ, ‘ಸುಮ್ಮನೆ ಮನೆಯಲ್ಲೇ ಇದ್ದೆ’ ಎನ್ನುತ್ತಾರೆ. ಸ್ನಾನ ಮಾಡಿಸಿ ಮುಕ್ಕಾಲು ಗಂಟೆಯಲ್ಲಿ ಹೊರಡುವ ಸಹಾಯಕಿಯನ್ನು ಕಳಿಸಿ ‘ಹೊರೆ ಇಳಿಯಿತು’ ಎಂದುಕೊಳ್ಳುವ ಸೇವೆಗಳು ಎಡವುವುದು ಇಲ್ಲೇ. ಆಕೆ ಕೈಕೆಲಸವನ್ನು ತೆಗೆದುಕೊಂಡಳು. ಕಾವಲು ಇದ್ದಲ್ಲೇ ಇತ್ತು.

ಹಂತ 4: ಅಳತೆ, ಆದರೆ ಕೈಲಾಗುವಷ್ಟೇ

ಅಳತೆಗೆ ಹೆಚ್ಚು ಬಳಕೆಯಲ್ಲಿರುವುದು ಜ್ಯಾರಿಟ್ ಹೊರೆ ಪ್ರಶ್ನಾವಳಿ. 1980ರಲ್ಲಿ 29 ಪ್ರಶ್ನೆಗಳಿಂದ ಶುರುವಾಗಿ ಈಗ 22ಕ್ಕೆ ನಿಂತಿದೆ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 88. ಅಷ್ಟು ಹೊತ್ತಿಲ್ಲದಿದ್ದರೆ 12 ಪ್ರಶ್ನೆಗಳ ಚಿಕ್ಕ ರೂಪವಿದೆ, ಒಟ್ಟು 48. ಬಳಸುವ ಮುನ್ನ ಅನುಮತಿಯ ನಿಯಮ ನೋಡಿಕೊಳ್ಳಿ. ಖಿನ್ನತೆಯ ಮೊದಲ ಜರಡಿಗೆ ಪಿಎಚ್‌ಕ್ಯೂ-2 ಸಾಕು: ಎರಡೇ ಪ್ರಶ್ನೆ, ಒಟ್ಟು 6 ಅಂಕ, 3 ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕು. ಇದರ ಜೊತೆಗೆ ಕಳೆದ ವಾರ ಸತತವಾಗಿ ಐದು ಗಂಟೆ ನಿದ್ದೆ ಬಂದ ರಾತ್ರಿಗಳೆಷ್ಟು ಎಂದು ಕೇಳಿ. ನಮ್ಮ ಮಟ್ಟಿಗೆ ಈ ಒಂದು ಪ್ರಶ್ನೆ ಉದ್ದನೆಯ ಪ್ರಶ್ನಾವಳಿಗಿಂತ ಬೇಗ ವಿಷಯ ತಿಳಿಸುತ್ತದೆ.

ಅಂಕಿ ಹೊರೆಯ ಗಾತ್ರ ತೋರಿಸುತ್ತದೆಯೇ ಹೊರತು ಏನು ಮಾಡಬೇಕೆಂದಲ್ಲ. ಅದಕ್ಕೆ ಅಗತ್ಯಗಳ ಪಟ್ಟಿಯೊಂದು ಬೇಕು. ಬ್ರಿಟನ್ನಿನಲ್ಲಿ ಕೊನೆಗಾಲದ ಆರೈಕೆಗಾಗಿ ರೂಪಿಸಿದ ಸಿಎಸ್‌ಎನ್‌ಎಟಿ ಎಂಬ ಸಾಧನ ಇಂಥದ್ದು. ಮೂಲ ರೂಪದಲ್ಲಿ 14 ವಿಷಯಗಳಿವೆ. ಯಾವುದರಲ್ಲಿ ಇನ್ನಷ್ಟು ನೆರವು ಬೇಕೆಂದು ಗುರುತಿಸುವವರು ಆರೈಕೆದಾರರೇ, ಮಾತು ಮುಂದುವರಿಯುವುದು ಅವರು ಗುರುತು ಹಾಕಿದಲ್ಲಿಂದ. ಈ ಕ್ರಮವನ್ನು ಯಾವ ಸೇವೆಯೂ ಎರವಲು ಪಡೆಯಬಹುದು.

ಎಚ್ಚರಿಕೆ ಒಂದಿದೆ. ಉತ್ತರ ಬಂದರೆ ಏನು ಮಾಡುತ್ತೀರೆಂದು ಗೊತ್ತಿಲ್ಲದ ಪ್ರಶ್ನೆ ಕೇಳಬೇಡಿ. ಪಿಎಚ್‌ಕ್ಯೂ-9 (ಆ ಎರಡು ಪ್ರಶ್ನೆಗಳ ಜರಡಿಯ ಉದ್ದನೆಯ ರೂಪ) ಎಂಬುದರ ಒಂಬತ್ತನೆಯ ಪ್ರಶ್ನೆ ಸಾವಿನ ಮತ್ತು ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಆ ಹಾಳೆಯನ್ನು ತುಂಬಿಸಿಕೊಂಡರೆ, ಅದೇ ದಿನ ಅದನ್ನು ಓದಿ ಕ್ರಮ ಕೈಗೊಳ್ಳುವವರು ಇರಲೇಬೇಕು. ಶುಕ್ರವಾರ ಸಂಜೆ ತುಂಬಿಸಿ ಸೋಮವಾರ ಬೆಳಗ್ಗೆ ಓದುವ ವ್ಯವಸ್ಥೆಯಿದ್ದರೆ ಆ ಹಾಳೆಯನ್ನು ಕೊಡದಿರುವುದೇ ಲೇಸು.

ಹಂತ 5: ಯಾವ ಸೇವೆ ಎಷ್ಟು, ಯಾವ ಜೋಡಣೆಯಲ್ಲಿ

ಕಿರುಪುಸ್ತಕ ಹಂಚುವುದು ಅಗ್ಗ, ಅದಕ್ಕೇ ಎಲ್ಲರೂ ಅದರಿಂದ ಶುರು ಮಾಡುತ್ತಾರೆ. ಮಾಹಿತಿ ಬೇಕು ನಿಜ, ಬರೀ ಮಾಹಿತಿಯಿಂದ ಹೊರೆ ಇಳಿಯುವುದು ಕಡಿಮೆ. ಚೆನ್ನಾಗಿ ಪರೀಕ್ಷೆಗೊಳಗಾದ ಮೂರು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಮರೆವಿನ ಕಾಯಿಲೆಯ ಮನೆಗಳಿಗಾಗಿ ಆದವು. ಆದರೂ ವಿನ್ಯಾಸದ ಪಾಠ ಎಲ್ಲರಿಗೂ ಇದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟ್ಟಲ್‌ಮನ್ ತಂಡ ರೂಪಿಸಿದ ಕಾರ್ಯಕ್ರಮದಲ್ಲಿ ಮೊದಲ ನಾಲ್ಕು ತಿಂಗಳಲ್ಲಿ ಆರು ಕೌನ್ಸೆಲಿಂಗ್ ಭೇಟಿಗಳು: ಎರಡು ಆರೈಕೆದಾರರ ಜೊತೆ ಮಾತ್ರ, ನಾಲ್ಕು ಕುಟುಂಬದವರೊಂದಿಗೆ. ಆಮೇಲೆ ಬೆಂಬಲ ಗುಂಪು, ಬೇಕಾದಾಗ ಫೋನ್. ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ 406 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ರೋಗಿಯನ್ನು ಆರೈಕೆ ಸಂಸ್ಥೆಗೆ ಸೇರಿಸುವುದು ಸುಮಾರು 557 ದಿನ ಮುಂದಕ್ಕೆ ಹೋಗಿತ್ತು. ಅದೇ ವರ್ಷ ಪ್ರಕಟವಾದ ‘ರೀಚ್ 2’ ಪ್ರಯೋಗದಲ್ಲಿ ಆರು ತಿಂಗಳಲ್ಲಿ ಹನ್ನೆರಡು ಭೇಟಿಗಳಿದ್ದವು. ಒಂಬತ್ತು ಮನೆಯಲ್ಲಿ, ಮೂರು ಫೋನಿನಲ್ಲಿ. ಬೆಂಬಲ ಗುಂಪೂ ಫೋನಿನಲ್ಲೇ. ಲಂಡನ್ನಿನ ‘ಸ್ಟಾರ್ಟ್’ ಕಾರ್ಯಕ್ರಮದಲ್ಲಿ ಎಂಟು ಭೇಟಿಗಳು; ನಡೆಸಿದವರು ಮನಃಶಾಸ್ತ್ರದ ಪದವೀಧರರು, ಅನುಭವಿ ತಜ್ಞರ ಮೇಲ್ವಿಚಾರಣೆಯಲ್ಲಿ.

ಮೂರರಲ್ಲೂ ಸಾಮಾನ್ಯವಾದದ್ದು: ಎದುರಿಗಿರುವ ಮನೆಗೆ ತಕ್ಕಂತೆ ಹೊಂದಿಸಿಕೊಳ್ಳುವ ಭೇಟಿಗಳು, ಒಂದೇ ಸಲಕ್ಕೆ ಮುಗಿಯದ ಸಂಪರ್ಕ. ‘ಸ್ಟಾರ್ಟ್’ ಇನ್ನೊಂದನ್ನೂ ಹೇಳುತ್ತದೆ: ಎಲ್ಲದಕ್ಕೂ ದೊಡ್ಡ ತಜ್ಞರೇ ಬೇಕಿಲ್ಲ. ಮೇಲ್ವಿಚಾರಣೆ ಮಾತ್ರ ತಪ್ಪಿಸುವಂತಿಲ್ಲ. ವಾರಕ್ಕೊಮ್ಮೆಯಾದರೂ ಒಂದು ಗಂಟೆ ಅದಕ್ಕೆಂದೇ ಮೀಸಲಿಡಿ.

ಕೈಯಲ್ಲಿರುವ ಹಣ ಕಡಿಮೆಯಿದ್ದರೆ ನಮ್ಮ ಆದ್ಯತೆ ಹೀಗಿರುತ್ತದೆ: ಮೊದಲು ಫೋನಿನಲ್ಲಿ ಸಿಗುವ ಒಬ್ಬ ಸಂಪರ್ಕ ವ್ಯಕ್ತಿ, ಎರಡನೆಯದು ಬಿಡುವಿನ ಸೇವೆ (ಆರೈಕೆದಾರರ ಬದಲಿಗೆ ಬೇರೆಯವರು ಕೆಲ ಹೊತ್ತು ರೋಗಿಯನ್ನು ನೋಡಿಕೊಳ್ಳುವುದು), ಮೂರನೆಯದು ಮನೆಯಲ್ಲೇ ಕೈಕೆಲಸದ ತರಬೇತಿ. ಗುಂಪು ಸಭೆ ನಾಲ್ಕನೆಯದು. ಆ್ಯಪ್ ಕೊನೆಯದು.

ಸಂಪರ್ಕ ವ್ಯಕ್ತಿಯ ಲೆಕ್ಕ ಸರಳ. ನಲವತ್ತು ಮನೆಗಳಿಗೆ ವಾರಕ್ಕೊಂದು ಫೋನ್, ಮಾತು ಇಪ್ಪತ್ತು ನಿಮಿಷ, ಟಿಪ್ಪಣಿ ಹತ್ತು ನಿಮಿಷ: ಇಪ್ಪತ್ತು ಗಂಟೆ ಹೋಯಿತು. ಉಳಿದ ಅರ್ಧ ವಾರ ತುರ್ತು ಕರೆ, ಆಸ್ಪತ್ರೆಯೊಂದಿಗೆ ಮಾತು, ಕಾಗದಪತ್ರಕ್ಕೆ. ನಲವತ್ತರ ಮೇಲೆ ಹೋದರೆ ಫೋನುಗಳು ‘ಹೇಗಿದ್ದೀರಿ, ಚೆನ್ನಾಗಿದ್ದೀರಾ’ ಎಂಬಲ್ಲಿಗೆ ನಿಲ್ಲುತ್ತವೆ. ಆಸ್ಪತ್ರೆಯಿಂದ ಬಂದವರಿಗೆ ಮೊದಲ ಕರೆ 48 ಗಂಟೆಯೊಳಗೆ, ನಂತರ ಏಳನೆಯ ದಿನ, ಮೂವತ್ತನೆಯ ದಿನ ತಪ್ಪದೆ. ಕಚೇರಿಯ ಹೊತ್ತಿನಲ್ಲಷ್ಟೇ ಸಿಗುವ ಸಹಾಯವಾಣಿಯಿಂದ ಅರ್ಧ ಪ್ರಯೋಜನ ಮಾತ್ರ. ಮನೆಯವರು ಮಲಗಿದ ಮೇಲೆ, ರಾತ್ರಿ ಎಂಟರಿಂದ ಹತ್ತರವರೆಗೆ, ಆರೈಕೆದಾರರಿಗೆ ಬಾಯಿಬಿಟ್ಟು ಮಾತಾಡಲು ಸಮಯ ಸಿಗುತ್ತದೆ.

ಹಂತ 6: ಬಿಡುವಿನ ಸೇವೆ

ಎಲ್ಲರೂ ಕೇಳುವ ಸೇವೆ ಇದು, ಸಿಕ್ಕಾಗ ಅನೇಕರು ಬಳಸದ ಸೇವೆಯೂ ಇದೇ. ಬೇರೆಯವರ ಕೈಗೆ ಒಪ್ಪಿಸಲು ಮನಸ್ಸಾಗದಿರುವುದು, ‘ನನ್ನನ್ನು ಬಿಟ್ಟು ಹೋದಳು’ ಎಂಬ ಮಾತಿನ ಭಯ, ಬಂದವರಿಗೆ ಎಲ್ಲ ಹೇಳಿಕೊಡುವ ಬದಲು ತಾನೇ ಮಾಡುವುದು ಮೇಲೆಂಬ ಲೆಕ್ಕ. ಈ ಮೂರಕ್ಕೂ ವಿನ್ಯಾಸದಲ್ಲೇ ಉತ್ತರ ಇರಬೇಕು.

ಅವಧಿ. ಎರಡು ಗಂಟೆಯ ಬಿಡುವು ಬಿಡುವಲ್ಲ. ಹೊರಡುವ ಅರ್ಧ ಗಂಟೆ, ಮರಳುವ ಅರ್ಧ ಗಂಟೆ ಕಳೆದರೆ ಉಳಿಯುವುದು ಒಂದು. ಕನಿಷ್ಠ ನಾಲ್ಕು ಗಂಟೆ, ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಅದೇ ವ್ಯಕ್ತಿ. ಅಪರೂಪಕ್ಕೆ ಸಿಗುವ ಇಡೀ ದಿನಕ್ಕಿಂತ ಗೊತ್ತಿರುವ ಗುರುವಾರ ಮಧ್ಯಾಹ್ನ ಮೇಲು. ಅದನ್ನು ನಂಬಿ ಡಾಕ್ಟರ ಬಳಿ ಸಮಯ ಗೊತ್ತುಮಾಡಿಕೊಳ್ಳಬಹುದು, ಗೆಳತಿಗೆ ಬರುತ್ತೇನೆಂದು ಹೇಳಬಹುದು.

ಪರಿಚಯ. ಹೊಸಬರನ್ನು ಮೊದಲ ದಿನವೇ ಬಿಟ್ಟು ಹೋಗಲು ಹೇಳಬೇಡಿ. ಮೊದಲ ಭೇಟಿ ಒಂದೂವರೆ ಗಂಟೆ, ಆರೈಕೆದಾರರು ಜೊತೆಗೇ ಇದ್ದು ತೋರಿಸುತ್ತಾರೆ. ಎರಡನೆಯದರಲ್ಲಿ ಅರ್ಧ ಗಂಟೆ ಹೊರಗೆ ಹೋಗಿ ಬರುತ್ತಾರೆ. ಮೂರನೆಯದರಲ್ಲಿ ಎರಡು ಗಂಟೆ. ನಾಲ್ಕನೆಯದರಿಂದ ಪೂರ್ಣ ಅವಧಿ. ಮೂರು ಭೇಟಿ ದಂಡವೆಂದು ಲೆಕ್ಕ ಬರೆಯುವವರು ಹೇಳುತ್ತಾರೆ. ಅದನ್ನು ಬಿಟ್ಟ ಕಡೆ ಎರಡನೆಯ ವಾರಕ್ಕೇ ‘ಬೇಡ ಬಿಡಿ, ಅವರು ಒಪ್ಪುವುದಿಲ್ಲ’ ಎಂಬ ಫೋನ್ ಬರುತ್ತದೆ, ಖರ್ಚು ಪೂರ್ತಿ ದಂಡವಾಗುತ್ತದೆ.

ಒಪ್ಪಿಸುವ ಹಾಳೆ. ಒಂದೇ ಪುಟ, ದೊಡ್ಡ ಅಕ್ಷರ, ಹಾಸಿಗೆಯ ಬಳಿ ಅಂಟಿಸಿರಬೇಕು. ಅದರಲ್ಲಿ ಇರಬೇಕಾದದ್ದು:

– ಅವರನ್ನು ಏನೆಂದು ಕರೆದರೆ ಓಗೊಡುತ್ತಾರೆ
– ಈ ಅವಧಿಯಲ್ಲಿ ಕೊಡಬೇಕಾದ ಔಷಧಿ ಇದೆಯೇ, ಇದ್ದರೆ ಯಾರು ತೆಗೆದಿಡುತ್ತಾರೆ, ಯಾರು ಕೊಡುತ್ತಾರೆ
– ನುಂಗಲು ಕಷ್ಟವೇ. ನೀರು ಹಾಗೇ ಕೊಡಬಹುದೇ, ಮಂದ ಮಾಡಿ ಕೊಡಬೇಕೇ
– ಶೌಚಕ್ಕೆ ಹೇಗೆ ಸೂಚಿಸುತ್ತಾರೆ
– ಎಲ್ಲಿ ಬೀಳುವ ಅಪಾಯ
– ಏನು ಕೆರಳಿಸುತ್ತದೆ, ಏನು ಸಮಾಧಾನ ಕೊಡುತ್ತದೆ
– ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್, ಯಾವುದಕ್ಕೆ ಕಾಯಬಹುದು

ಕೊನೆಯ ಸಾಲಿನ ‘ಕಾಯಬಹುದು’ ಎಂಬ ಭಾಗ ಮರೆಯಬೇಡಿ. ಅದಿಲ್ಲದಿದ್ದರೆ ನಾಲ್ಕು ಗಂಟೆಯಲ್ಲಿ ಆರು ಸಲ ಫೋನ್ ಹೋಗುತ್ತದೆ. ದೇಹ ಹೊರಗೆ, ಕಾವಲು ಮನೆಯಲ್ಲೇ.

ಸಿಬ್ಬಂದಿ. ಇಪ್ಪತ್ತು ಮನೆಗಳಿಗೆ ವಾರಕ್ಕೆ ನಾಲ್ಕು ಗಂಟೆಯೆಂದರೆ 80 ಗಂಟೆ. ವಾರಕ್ಕೆ 40 ಗಂಟೆ ದುಡಿಯುವ ಇಬ್ಬರು ಸಾಕೆಂದು ಕಾಗದದ ಮೇಲೆ ಅನಿಸುತ್ತದೆ. ಪ್ರಯಾಣ, ಟಿಪ್ಪಣಿ, ತರಬೇತಿ, ಮೇಲ್ವಿಚಾರಣೆ ಕಳೆದರೆ ಒಬ್ಬರು ಏಳು ಸರದಿ, ಅಂದರೆ 28 ಗಂಟೆ ಕೊಡಬಲ್ಲರು. ಆ ಲೆಕ್ಕಕ್ಕೆ ಮೂವರು ಬೇಕು. ಕಾಯಿಲೆ, ರಜೆಗೆಂದು ನಾಲ್ಕನೆಯ ಬದಲಿಯವರು ಇರಲೇಬೇಕು, ಮತ್ತು ಅವರನ್ನೂ ಪ್ರತಿ ಮನೆಗೆ ಒಮ್ಮೆ ಮೊದಲೇ ಪರಿಚಯಿಸಿರಬೇಕು. ಸೇವೆಯ ಕಡೆಯಿಂದ ಕೊನೆಗಳಿಗೆಯಲ್ಲಿ ರದ್ದಾಗುವ ಒಂದು ಸರದಿ, ಆರು ವಾರದಲ್ಲಿ ಗಳಿಸಿದ ನಂಬಿಕೆಯನ್ನು ಕೆಡಿಸಬಲ್ಲದು. ನಾಲ್ವರಿಗೆ ಹಣವಿಲ್ಲದಿದ್ದರೆ ಮನೆಗಳ ಸಂಖ್ಯೆ ಇಳಿಸಿ, ಬದಲಿಯವರನ್ನು ಕೈಬಿಡಬೇಡಿ.

ಗಡಿ. ಬಂದವರು ನಿಧಾನಕ್ಕೆ ಮನೆಗೆಲಸದವರಾಗುವುದುಂಟು: ಪಾತ್ರೆ, ಇಡೀ ಮನೆಯ ಬಟ್ಟೆ, ಮಕ್ಕಳ ಕಾವಲು. ಆರೈಕೆ ಪಡೆಯುವವರಿಗೆ ಸಂಬಂಧಿಸಿದ ಕೆಲಸಗಳ ಪಟ್ಟಿಗೆ ಶುರುವಿನಲ್ಲೇ ಎರಡೂ ಕಡೆಯವರ ಒಪ್ಪಿಗೆ ಇರಲಿ. ಹಣ, ಉಡುಗೊರೆ, ಮನೆಯ ಬೀಗದ ಕೈ ಕುರಿತ ನಿಯಮವೂ ಬರಹದಲ್ಲಿರಲಿ.

ಆರೈಕೆದಾರರು ಬಿಡುವಿನ ಹೊತ್ತನ್ನು ಬಾಕಿ ಕೆಲಸಕ್ಕೇ ಬಳಸಿದರೆ? ಮೊದಲ ತಿಂಗಳು ಹಾಗೇ ಆಗುತ್ತದೆ, ಬಿಡಿ. ಬಾಕಿ ಅಷ್ಟಿರುತ್ತದೆ. ಎರಡನೆಯ ತಿಂಗಳಲ್ಲೂ ಅದೇ ನಡೆದರೆ ಸಂಪರ್ಕ ವ್ಯಕ್ತಿ ಮೆಲ್ಲಗೆ ಕೇಳಲಿ: ಮುಂದಿನ ನಾಲ್ಕು ಸರದಿಗಳಲ್ಲಿ ಒಂದನ್ನು ನಿದ್ದೆಗೋ ಸ್ವಂತ ತಪಾಸಣೆಗೋ ಇಡೋಣವೇ? ಆದೇಶ ಬೇಡ. ಹೊತ್ತು ಅವರದು.

ರಾತ್ರಿ ಉಳಿಸಿಕೊಳ್ಳುವ ಸೇವೆಗೆ ಬೇರೆಯೇ ಜಾಗ್ರತೆ ಬೇಕು. ಮರೆವಿನ ಕಾಯಿಲೆಯವರು ಹೊಸ ಜಾಗದಲ್ಲಿ ನಿದ್ದೆಗೆಟ್ಟು, ಮನೆಗೆ ಮರಳಿದ ಮೇಲೂ ಕೆಲವು ರಾತ್ರಿ ಗಲಿಬಿಲಿಯಲ್ಲಿರಬಹುದು. ಮೂರು ದಿನದ ಬಿಡುವಿಗೆ ಮೂರು ರಾತ್ರಿಯ ದಂಡ ತೆತ್ತವರು ಎರಡನೆಯ ಸಲ ಬರುವುದಿಲ್ಲ. ಮೊದಲು ಹಗಲಿನಲ್ಲಿ ಎರಡು ಸಲ ಕರೆತಂದು ಜಾಗ ಅಭ್ಯಾಸವಾಗಲಿ. ಅವರದೇ ಹೊದಿಕೆ, ದಿಂಬು ಬರಲಿ. ಮನೆಗೆ ಮರಳಿದ ಮರುದಿನ ಒಂದು ನಾಲ್ಕು ಗಂಟೆಯ ಸರದಿಯನ್ನು ಮೊದಲೇ ಕಾದಿರಿಸಿ.

ಹಂತ 7: ಕೈಕೆಲಸದ ತರಬೇತಿ, ಆ ಹಾಸಿಗೆಯ ಬಳಿಯೇ

ತರಬೇತಿ ಕೇಂದ್ರದ ಎತ್ತರ ಹೊಂದಿಸುವ ಮಂಚದಲ್ಲಿ ಕಲಿತದ್ದು ಮನೆಯ ತಗ್ಗು ಮಂಚದಲ್ಲಿ ಕೆಲಸ ಮಾಡುವುದಿಲ್ಲ. ಮನೆಗೇ ಹೋಗಿ, ಇಪ್ಪತ್ತು ನಿಮಿಷಕ್ಕೊಂದು ಕೌಶಲ್ಯ. ನೀವು ಒಮ್ಮೆ ಮಾಡಿ ತೋರಿಸಿ, ಅವರು ನಿಮ್ಮೆದುರು ಎರಡು ಸಲ ಮಾಡಲಿ, ಒಂದು ವಾರದ ನಂತರ ಮತ್ತೆ ನೋಡಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ.

ಮೊದಲು ಕಲಿಸಬೇಕಾದದ್ದು ಬೆನ್ನು ಉಳಿಸುವ ಕೆಲಸಗಳು: ಎತ್ತುವ ಬದಲು ಜಾರುಹಾಳೆಯ (ಮೈಕೆಳಗೆ ಹಾಸುವ ನುಣುಪು ಬಟ್ಟೆ) ಮೇಲೆ ಸರಿಸುವುದು, ಸೊಂಟ ತಿರುಚದೆ ಪಾದವನ್ನೇ ತಿರುಗಿಸುವುದು, ರೋಗಿಯ ಕೈಲಾಗುವಷ್ಟನ್ನು ಅವರಿಂದಲೇ ಮಾಡಿಸುವುದು. ಆರೈಕೆದಾರರ ಬೆನ್ನು ಬಿದ್ದರೆ ಮನೆಯಲ್ಲಿ ಇಬ್ಬರು ರೋಗಿಗಳು. ಬಳಿಕ ಕೂರಿಸಿ ಊಟ ಮಾಡಿಸುವುದು, ಊಟದ ನಂತರ ಅರ್ಧ ಗಂಟೆ ಮಲಗಿಸದಿರುವುದು. ಒತ್ತುಹುಣ್ಣು ಬರುವ ಜಾಗಗಳನ್ನು ದಿನವೂ ನೋಡುವುದು. ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ’ ಎಂದು ಹೇಳಿ ಬಂದುಬಿಡುವುದು ಸುಲಭ. ರಾತ್ರಿಯೂ ಅದನ್ನು ಪಾಲಿಸಿದರೆ ಆರೈಕೆದಾರರಿಗೆ ನಿದ್ದೆ ಎಲ್ಲಿ? ಒತ್ತಡ ಹಂಚುವ ಹಾಸಿಗೆ ತರಿಸಿ ರಾತ್ರಿಯ ಅಂತರ ಹೆಚ್ಚಿಸಬಹುದೇ ಎಂದು ನರ್ಸಿನೊಂದಿಗೆ ಕೂತು ಆ ಮನೆಗೆ ತಕ್ಕ ವೇಳಾಪಟ್ಟಿ ಮಾಡಿ.

ಮರೆವಿನ ಕಾಯಿಲೆಗೆ ಸಿದ್ಧ ಪಾಠ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಇದೆ: 5 ಭಾಗ, 23 ಪಾಠ. ಇಡೀ ಪುಸ್ತಕ ಕೈಗಿಡದೆ, ಈ ವಾರದ ಕಷ್ಟಕ್ಕೆ ಹೊಂದುವ ಒಂದು ಪಾಠ ಮಾತ್ರ ಕೊಡಿ.

ಹಂತ 8: ಗುಂಪು, ಮತ್ತು ಕುಟುಂಬದ ಸಭೆ

ಗುಂಪಿಗೆ ಆರರಿಂದ ಹತ್ತು ಮಂದಿ, ಒಂದೂವರೆ ಗಂಟೆ, ಒಂದೇ ಬಗೆಯ ಕಾಯಿಲೆಯ ಮನೆಯವರು. ಕಾಯಿಲೆ ಈಗಷ್ಟೇ ಗೊತ್ತಾದವರನ್ನು ಕೊನೆಯ ಘಟ್ಟದವರ ಜೊತೆ ಕೂರಿಸಿದರೆ ಮೊದಲನೆಯವರು ಹೆದರಿ ಮನೆಗೆ ಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ಇಲ್ಲವೇ ಸಭೆ ಫೋನಿನಲ್ಲಿ ನಡೆಯಲಿ. ವಾಟ್ಸಾಪ್ ಗುಂಪು ಮಾಡುವುದಾದರೆ ಮೂರು ನಿಯಮ ಮೊದಲ ದಿನವೇ: ಮನೆಮದ್ದು, ಪವಾಡ ಚಿಕಿತ್ಸೆಗಳ ಸಂದೇಶ ಬೇಡ, ರಾತ್ರಿ ಹತ್ತರ ನಂತರ ಬೇಡ, ಸಾವಿನ ಸುದ್ದಿಯನ್ನು ನಡೆಸುವವರೇ ಹಾಕುತ್ತಾರೆ.

ಕುಟುಂಬದ ಸಭೆಯನ್ನು ಹೆಚ್ಚಿನ ಸೇವೆಗಳು ತಂಟೆಯೆಂದು ಬಿಡುತ್ತವೆ. ನ್ಯೂಯಾರ್ಕ್ ಮಾದರಿಯ ಆರರಲ್ಲಿ ನಾಲ್ಕು ಭೇಟಿ ಕುಟುಂಬಕ್ಕೇ ಮೀಸಲಾಗಿದ್ದನ್ನು ನೆನಪಿಡಿ. ದಿನಚರಿ ಹಾಳೆಯನ್ನು ಆರೈಕೆದಾರರ ಒಪ್ಪಿಗೆ ಪಡೆದು ಎಲ್ಲರೆದುರು ಇಡಿ. ‘ನೀವು ಯಾರೂ ಸಹಾಯ ಮಾಡುವುದಿಲ್ಲ’ ಎಂಬ ಮಾತಿಗೆ ಜಗಳ ಹುಟ್ಟುತ್ತದೆ. ‘ಕಳೆದ ಮೂರು ರಾತ್ರಿಗಳಲ್ಲಿ ಹನ್ನೊಂದು ಸಲ ಎದ್ದಿದ್ದಾರೆ’ ಎಂಬ ಸಾಲಿನ ಮುಂದೆ ಜಗಳಕ್ಕೆ ಜಾಗ ಕಡಿಮೆ. ದೂರವಿರುವವರಿಗೂ ಕೆಲಸ ಇದೆ: ಔಷಧಿ ತರಿಸುವುದು, ಬಿಲ್ಲು ಕಟ್ಟುವುದು, ಡಾಕ್ಟರ ಸಮಯ ಗೊತ್ತುಮಾಡುವುದು, ನಿತ್ಯ ಸಂಜೆ ಒಂದು ಗಂಟೆ ವಿಡಿಯೋ ಕರೆಯಲ್ಲಿ ರೋಗಿಯನ್ನು ಮಾತಾಡಿಸುತ್ತಾ ಇರುವುದು. ಸಭೆ ಮುಗಿಯುವಾಗ ಹೆಸರು, ಕೆಲಸ, ದಿನ ಮೂರೂ ಬರಹದಲ್ಲಿರಬೇಕು.

ಹಂತ 9: ಅಪಾಯದ ದಾರಿ ಮೊದಲೇ ಬರೆದಿಡಿ

ಸಾಯುವ ಮಾತು, ರೋಗಿಯ ಮೈಮೇಲೆ ಗಾಯ, ಆರೈಕೆದಾರರಿಗೇ ರೋಗಿಯಿಂದ ಹೊಡೆತ, ಔಷಧಿ ಹೆಚ್ಚು ಕೊಟ್ಟು ಮಲಗಿಸುವುದು: ಈ ನಾಲ್ಕಕ್ಕೂ ಯಾರು, ಎಷ್ಟು ಹೊತ್ತಿನೊಳಗೆ, ಯಾರಿಗೆ ತಿಳಿಸಬೇಕೆಂಬುದು ಸೇವೆ ಶುರುವಾಗುವ ಮುನ್ನವೇ ಒಂದು ಪುಟದಲ್ಲಿರಬೇಕು. ಯಾವ ಮಾತನ್ನು ಗುಟ್ಟಾಗಿ ಇಡಲಾಗದು ಎಂಬುದನ್ನು ಆರೈಕೆದಾರರಿಗೆ ಮೊದಲ ಭೇಟಿಯಲ್ಲೇ ಹೇಳಿ. ‘ಒಮ್ಮೊಮ್ಮೆ ಕೈ ಎತ್ತಿಬಿಡುತ್ತೇನೇನೋ ಎಂದು ಭಯ’ ಎಂದವರು ನೆರವು ಕೇಳುತ್ತಿದ್ದಾರೆ. ಅವರಿಗೆ ಆ ವಾರವೇ ಬಿಡುವು ಸಿಗಬೇಕು, ಉಪದೇಶವಲ್ಲ.

ಹಂತ 10: ಹತ್ತು ಮನೆ, ಹನ್ನೆರಡು ವಾರ

ಮೊದಲ ಪ್ರಯೋಗಕ್ಕೆ ಇಷ್ಟು ಸಾಕು. ಪ್ರತಿ ಮನೆಗೆ ಎರಡು ಸಾಲಿನ ಖಾತೆ ಇಡಿ: ಸೇವೆ ಕೇಳಿದ ನಿಮಿಷಗಳು (ಹಾಳೆ ತುಂಬುವುದು, ಕಾಯುವುದು, ಪ್ರಯಾಣ, ಫೋನ್), ಮರಳಿಸಿದ ನಿಮಿಷಗಳು. ಮೊದಲ ಮೂರು ವಾರ ಖಾತೆ ನಷ್ಟದಲ್ಲೇ ಇರುತ್ತದೆ. ಆರನೆಯ ವಾರದಲ್ಲೂ ನಷ್ಟದಲ್ಲಿದ್ದರೆ ವಿನ್ಯಾಸ ತಪ್ಪಿದೆ ಎಂದರ್ಥ. ಸಾಮಾನ್ಯವಾಗಿ ತಪ್ಪು ನೋಂದಣಿಯ ಉದ್ದದಲ್ಲೋ ಸರದಿ ರದ್ದಾಗುವುದರಲ್ಲೋ ಇರುತ್ತದೆ. ಒಂದೇ ಸಂಗತಿಯನ್ನು ಮೂವರಿಗೆ ಮೂರು ಸಲ ಹೇಳಬೇಕಾಗಿ ಬಂದಿದೆಯೇ ಎಂಬುದನ್ನೂ ನೋಡಿ.

ಹೊರೆಯ ಅಂಕವನ್ನು ಶುರುವಿನಲ್ಲಿ, ಹನ್ನೆರಡನೆಯ ವಾರದಲ್ಲಿ, ಆರನೆಯ ತಿಂಗಳಲ್ಲಿ ತೆಗೆದುಕೊಳ್ಳಿ. ಕಾಯಿಲೆ ಉಲ್ಬಣಿಸುತ್ತಾ ಹೋಗುವಾಗ ಅಂಕ ಏರದೆ ಇದ್ದಲ್ಲೇ ನಿಂತದ್ದೂ ಗಳಿಕೆಯಾಗಿರಬಹುದು. ಸರದಿಗಾಗಿ ಕಾಯುತ್ತಿರುವ ಮನೆಗಳ ಅಂಕ ಪಕ್ಕದಲ್ಲಿಲ್ಲದೆ ಹಾಗೆಂದು ಹೇಳಿಕೊಳ್ಳುವಂತಿಲ್ಲ. ರೋಗಿಯನ್ನು ಆರೈಕೆ ಸಂಸ್ಥೆಗೆ ಸೇರಿಸಿದ ಮನೆಯನ್ನು ‘ವಿಫಲ’ ಎಂದು ಬರೆಯಬೇಡಿ. ಅಪರಾಧಿ ಭಾವವಿಲ್ಲದೆ ಆ ತೀರ್ಮಾನಕ್ಕೆ ಬರಲು ನೆರವಾಗುವುದೂ ಈ ಸೇವೆಯ ಕೆಲಸ. ಬಿಟ್ಟುಹೋದ ಪ್ರತಿ ಮನೆಗೆ ಒಂದು ಫೋನ್, ಒಂದೇ ಪ್ರಶ್ನೆ: ಯಾವುದು ಹೆಚ್ಚಾಯಿತು?

ಹಂತ 11: ಸಾವಿನ ನಂತರ

ಹೆಚ್ಚಿನ ಸೇವೆಗಳು ರೋಗಿಯ ಹೆಸರಿನಲ್ಲಿ ತೆರೆದ ಕಡತವನ್ನು ಅವರ ಸಾವಿನೊಂದಿಗೆ ಮುಚ್ಚುತ್ತವೆ. ಅಂದಿನಿಂದ ಆರೈಕೆದಾರರಿಗೆ ದುಃಖ ಒಂದೇ ಅಲ್ಲ, ಹಗಲೂ ಖಾಲಿ, ರಾತ್ರಿ ಎದ್ದು ಕೂರುವ ಅಭ್ಯಾಸವೂ ಉಳಿದಿರುತ್ತದೆ. ನರ್ಸ್, ಫಿಸಿಯೋ, ಬಿಡುವಿನ ಸೇವೆಯವರು ಎಲ್ಲರೂ ಒಂದೇ ದಿನ ಬರುವುದು ನಿಲ್ಲಿಸಿರುತ್ತಾರೆ. ಕಡತವನ್ನು ಶುರುವಿನಿಂದಲೇ ಆರೈಕೆದಾರರ ಹೆಸರಿನಲ್ಲಿ ತೆರೆಯಿರಿ. ಆಗ ಅದು ಮುಚ್ಚುವುದಿಲ್ಲ. ಎರಡನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು ಫೋನ್. ಮೊದಲ ಕರೆಯನ್ನು ಮನೆಗೆ ಬರುತ್ತಿದ್ದ ಸಹಾಯಕರೇ ಮಾಡಲಿ. ಗುಂಪಿನಲ್ಲಿ ಇನ್ನೂ ಆರು ತಿಂಗಳು ಇರಬಹುದೆಂದು ಹೇಳಿ, ಇರಲೇಬೇಕೆಂದಲ್ಲ. ಬಾಡಿಗೆಗೆ ತಂದ ಮಂಚ, ಗಾಲಿಕುರ್ಚಿ, ಆಮ್ಲಜನಕದ ಯಂತ್ರ ಹಿಂದಿರುಗಿಸುವ ಓಡಾಟವನ್ನು ನೀವು ವಹಿಸಿಕೊಳ್ಳಿ. ಯಾವಾಗ ತೆಗೆದುಕೊಂಡು ಹೋಗಬೇಕೆಂಬುದನ್ನು ಅವರು ಹೇಳಲಿ. ಮತ್ತು ಸುದ್ದಿ ಬಂದ ದಿನವೇ, ಬೇರೆಲ್ಲದಕ್ಕಿಂತ ಮೊದಲು, ಔಷಧಿಯ ಜ್ಞಾಪನೆ, ತಪಾಸಣೆಯ ಜ್ಞಾಪನೆ ಕಳಿಸುವ ಪಟ್ಟಿಯಿಂದ ರೋಗಿಯ ಹೆಸರನ್ನು ತೆಗೆಸಿ.